ಅಮ್ಮ ಬರೆಸಿದ ನಾಲ್ಕು ಜನ

2025ರ ದಸರಾ ರಜೆ. ರಾಜ್ಯ ಸರ್ಕಾರದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನಡೆಯುತ್ತಿತ್ತಲ್ಲ, ಶಾಲೆಯ ಮೇಷ್ಟ್ರು, ಮೇಡಂಗಳೆಲ್ಲ ಬಿಸಿಲು ಮಳೆ ಅನ್ನದೆ ಮನೆ ಮನೆ ತಿರುಗುತ್ತಿದ್ದ ದಿನಗಳವು. ನಾನು ಹಾಸನದ ಮನೆಯಲ್ಲಿ ಮಧ್ಯಾಹ್ನದ ಪಾತ್ರೆ ತೊಳೆಯುತ್ತಿದ್ದೆ. ಫೋನ್ ಬಂತು. ಅಮ್ಮನ ನಂಬರು, ಆದರೆ ದನಿ ಬೇರೆಯವರದು. "ಅಕ್ಕ, ನಿಮ್ಮ ತಾಯಿ ಮನೇಲಿ ಕೂತಿದೀನಿ, ಸಮೀಕ್ಷೆಗೆ ಬಂದಿರೋದು. ಇವರ ಆಧಾರ್‌ಗೆ ನಿಮ್ಮ ನಂಬರ್ ಲಿಂಕ್ ಆಗಿದೆಯಂತೆ. ಒಂದು ಓಟಿಪಿ ಬಂದಿರತ್ತೆ, ನೋಡಿ ಹೇಳ್ತೀರಾ?" ಕೈ ಒರೆಸಿಕೊಂಡು ಓಟಿಪಿ ಹೇಳಿದೆ. ಮೇಡಂ ಫೋನ್ ಇಡಲಿಲ್ಲ. ಸ್ವಲ್ಪ ದನಿ ತಗ್ಗಿಸಿ ಕೇಳಿದರು. "ಇನ್ನೊಂದು ವಿಷಯ ಅಕ್ಕ. ಮನೇಲಿ ಎಷ್ಟು ಜನ ಇದೀರಿ ಅಂದ್ರೆ ಅಮ್ಮ ನಾಲ್ಕು ಅಂತಾರೆ. ನಂಗೆ ಕಾಣ್ತಿರೋದು ಇವರೊಬ್ಬರೇ. ಏನು ಬರ್ಕೊಳ್ಳಲಿ?"

ಹಿಂದಿನಿಂದ ಅಮ್ಮನ ದನಿ ಕೇಳಿಸುತ್ತಿತ್ತು. "ನಾಲ್ಕು ಬರ್ಕೊಳಮ್ಮ. ನಾನು, ನನ್ನ ಮಗ, ಸೊಸೆ, ಮೊಮ್ಮಗ. ರೇಷನ್ ಕಾರ್ಡಲ್ಲೂ ನಾಲ್ಕೇ ಇರೋದು, ತೋರಿಸಲಾ?" ತಮ್ಮ ಬೆಂಗಳೂರು ಸೇರಿ ಹನ್ನೊಂದು ವರ್ಷವಾಯಿತು. ಅವನ ಮಗನಿಗೆ ಈಗ ಒಂಬತ್ತು. ಹುಟ್ಟಿದ್ದೂ ಅಲ್ಲೇ, ಓದುತ್ತಿರುವುದೂ ಅಲ್ಲೇ. ಊರಲ್ಲಿ ಅವನು ಮಲಗಿದ ರಾತ್ರಿಗಳನ್ನು ಬೆರಳಲ್ಲಿ ಅಲ್ಲದಿದ್ದರೂ ಕ್ಯಾಲೆಂಡರಿನ ಎರಡು ಹಾಳೆಯಲ್ಲಿ ಎಣಿಸಬಹುದು. ಆದರೂ ಅಮ್ಮನಿಗೆ ಅವನು ಆ ಮನೆಯ ಆಳು. ನಾನು ಮೇಡಂಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನಿಯಮದ ಪ್ರಕಾರ ಏನು ಬರೆದುಕೊಳ್ಳಬೇಕೋ ಬರೆದುಕೊಂಡಿರುತ್ತಾರೆ. ಸಂಜೆ ಅಮ್ಮನಿಗೆ ಫೋನ್ ಮಾಡಿದಾಗ ತಡೆಯಲಾಗದೆ ಕೇಳಿದೆ, "ಅಲ್ಲಮ್ಮ, ಅಲ್ಲಿಲ್ಲದವರನ್ನೇ ಬರೆಸೋದಾದ್ರೆ ನನ್ನ ಹೆಸರು ಯಾಕೆ ಬರೆಸಲಿಲ್ಲ?" ಅಮ್ಮ ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. "ನಿನ್ನ ಅಲ್ಲಿ ಬರ್ಕೊಂಡಿರ್ತಾರಲ್ಲ."

ಅದು ನಿಜ. ನನ್ನನ್ನು ಹಾಸನದಲ್ಲಿ ಬರೆದುಕೊಂಡಿದ್ದರು. ಆದರೆ ತಮ್ಮನ ಮನೆಗೂ ಬೆಂಗಳೂರಲ್ಲಿ ಯಾರಾದರೂ ಬಂದೇ ಬರುತ್ತಾರೆ ಎಂದು ಅಮ್ಮನಿಗೆ ಅನ್ನಿಸಲೇ ಇಲ್ಲ. ದಿನಾ ಎರಡು ಹೊತ್ತು ಫೋನ್ ಮಾಡುವವಳು ನಾನು. ಔಷಧಿ ಕಳಿಸುವವಳೂ ನಾನೇ. ನೋವಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ಆಮೇಲೆ ಮನಸ್ಸಲ್ಲಿ ಉಳಿದದ್ದು ಆ ನೋವಲ್ಲ, ಮೇಡಂ ಕೇಳಿದ ಪ್ರಶ್ನೆ. ಈ ಮನೆಯಲ್ಲಿ ಎಷ್ಟು ಜನ? ಈ ಊರಲ್ಲಿ ಎಷ್ಟು ಜನ? ನಮ್ಮಂಥ ಕೆರೆ ಪಕ್ಕದ ಸಣ್ಣ ಊರಿಗೆ ಈ ಪ್ರಶ್ನೆ ಕೇಳಿದರೆ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು?

ಬೆಟ್ಟದ ಈ ಮಗ್ಗುಲು

ನಮ್ಮೂರು ಸಖರಾಯಪಟ್ಟಣದ ಕಡೆ. ಕಡೂರು ತಾಲೂಕು. ಚಿಕ್ಕಮಗಳೂರು ಜಿಲ್ಲೆ ಅಂದರೆ ಸಾಕು, ಹಾಸನದಲ್ಲಿ ಪಕ್ಕದ ಮನೆಯವರೂ "ಓ, ಕಾಫಿ ತೋಟ ಇದೆಯಾ?" ಅನ್ನುತ್ತಾರೆ. ಕಾಫಿ ನಮಗೂ ಅಂಗಡಿಯಿಂದಲೇ ಬರುವುದು. ಬಾಬಾಬುಡನ್‌ಗಿರಿ ಸಾಲು ನಮಗೆ ಪಶ್ಚಿಮಕ್ಕೆ ಗೋಡೆಯ ಹಾಗೆ ನಿಂತಿದೆ. ಅದರಲ್ಲೇ ಮುಳ್ಳಯ್ಯನಗಿರಿ, 1,930 ಮೀಟರ್, ರಾಜ್ಯಕ್ಕೇ ಎತ್ತರದ್ದು. ಮುಂಗಾರಿನ ಮೋಡ ಆ ಗೋಡೆಗೆ ಬಂದು ತಾಗಿ ಆಚೆಯೇ ಹೊರೆ ಇಳಿಸಿಬಿಡುತ್ತದೆ. ಈಚೆಗೆ ದಾಟುವುದು ಗಾಳಿ, ಒಂದಿಷ್ಟು ಜಿಟಿಜಿಟಿ. ಕಡೂರಿಗೆ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಆಷಾಢದಲ್ಲಿ ಬೆಟ್ಟದ ತಲೆ ಮೇಲೆ ಕಪ್ಪು ಕೂತಿರುವುದನ್ನು ನೋಡುತ್ತಾ ನಮ್ಮವರು ಒಣ ಹೊಲದಲ್ಲಿ ನಿಂತಿರುತ್ತಾರೆ. ಮಳೆ ಕಣ್ಣಿಗೆ ಕಾಣುತ್ತದೆ, ಮೈಗೆ ಬೀಳುವುದಿಲ್ಲ. ಅದಕ್ಕೇ ನಮ್ಮ ಸೀಮೆಯಲ್ಲಿ ಕೆರೆ ಬೇಕಾಯಿತು. ಮಲೆನಾಡಿನವರಿಗೆ ಮಳೆ ಅಂದರೆ ಮೇಲಿಂದ ಬೀಳುವುದು. ನಮಗೆ ಪಕ್ಕದಿಂದ ಹರಿದು ಬರುವುದು.

ಆ ಬೆಟ್ಟದ ನೀರು ಎಲ್ಲೆಲ್ಲಿಗೋ ಹೋಗುತ್ತದೆ. ವೇದಾ, ಆವತಿ ಎರಡೂ ಈಚೆಗೆ ಇಳಿದು ಕಡೂರಿನ ಹತ್ತಿರ ಕೂಡಿ ವೇದಾವತಿ ಆಗುತ್ತವೆ. ಅಲ್ಲಿಂದ ಹಿರಿಯೂರಿನ ವಾಣಿವಿಲಾಸ ಸಾಗರ. ಅದೇ ಬೆಟ್ಟದಲ್ಲಿ ಹುಟ್ಟುವ ಯಗಚಿ ಬೇಲೂರಿನ ಕಡೆ ತಿರುಗಿ, ಹೇಮಾವತಿ ಸೇರಿ, ಕಾವೇರಿಗೆ ಹೋಗುತ್ತದೆ. ನಾನು ಮದುವೆಯಾಗಿ ಹಾಸನಕ್ಕೆ ಹೋಗಿದ್ದೂ ಹಾಗೆಯೇ, ಒಂದೇ ಬೆಟ್ಟದ ಈ ನೀರಿನಿಂದ ಆ ನೀರಿಗೆ. ನಮ್ಮೂರಿನ ಹೆಂಗಸರ ಪೈಕಿ ಹೆಚ್ಚಿನವರೂ ಬೇರೆ ಯಾವುದೋ ಕೆರೆಯ ನೀರು ಕುಡಿದು ಬೆಳೆದು ಬಂದವರೇ. ಅಮ್ಮ ಬೀರೂರಿನ ಕಡೆಯವಳು. "ನಮ್ಮೂರ ಕೆರೆ" ಎಂದು ಅಮ್ಮ ಈಗ ಹೇಳುವುದು ಇದನ್ನೇ. ತವರಿನದಕ್ಕೆ ಹೆಸರು ಹಿಡಿದು ಹೇಳುತ್ತಾಳೆ. ಈ ಬದಲಾವಣೆ ಯಾವ ವರ್ಷ ಆಯಿತೋ ಅವಳಿಗೂ ನೆನಪಿರಲಿಕ್ಕಿಲ್ಲ.

ನಮ್ಮ ಸೀಮೆಗೆ ದೊಡ್ಡ ಕೆರೆ ಅಂದರೆ ಅಯ್ಯನಕೆರೆ. ಬೆಟ್ಟದ ಬುಡದಲ್ಲಿ, ಶಕುನಗಿರಿಯ ನೆರಳಲ್ಲಿ ಇದೆ. ರುಕ್ಮಾಂಗದ ರಾಯ ಕಟ್ಟಿಸಿದ್ದು ಎಂದು ಹೇಳುತ್ತಾರೆ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಅದರ ಜೀರ್ಣೋದ್ಧಾರ ಆಯಿತು. ಅದರ ಮುಂದೆ ನಮ್ಮೂರ ಕೆರೆ ಒಂದು ಬೊಗಸೆ. ಆದರೆ ಬೊಗಸೆಯಲ್ಲೂ ಎಲ್ಲ ಇದೆ. ಕಲ್ಲು ಹೊದಿಸಿದ ಏರಿ, ಎರಡು ತೂಬು, ತೆಂಕಣ ತುದಿಯಲ್ಲಿ ಕೋಡಿ, ಕೋಡಿಯ ಪಕ್ಕ ಕೋಡಮ್ಮನ ಗುಡಿ. ಏರಿಯ ಕೆಳಗೆ ಅಚ್ಚುಕಟ್ಟಿನ ಬಯಲು. ಬಯಲಿನ ಒಂದು ಅಂಚಿಗೆ ಊರು.

ಯಾರ ಮನೆ ಎಲ್ಲಿದೆ ಅನ್ನುವುದನ್ನು ನೋಡಿದರೆ ಊರು ಅರ್ಥ ಆಗುತ್ತದೆ. ಗದ್ದೆ ಇದ್ದವರ ಮನೆಗಳು ಏರಿಗೆ ಹತ್ತಿರ, ಮೇಲ್ಕೇರಿಯಲ್ಲಿ. ಹೊಲ ಮಾತ್ರ ಇದ್ದವರದು ನಡುಕೇರಿ. ಕಾಲುವೆ ಮುಗಿಯುವ ಕಡೆ, ನೀರು ತಲುಪಿದರೆ ತಲುಪಿತು ಅನ್ನುವ ಜಾಗದಲ್ಲಿ ಕಾಲೋನಿ. ತೂಬು ಎತ್ತುತ್ತಿದ್ದ ನೀರಗಂಟಿಯ ಮನೆ ಇದ್ದದ್ದು ಅಲ್ಲಿ. ಕೆರೆಯ ನೀರನ್ನು ದಿನಾ ಕೈಯಾರೆ ಬಿಡುತ್ತಿದ್ದವನ ಕೇರಿಗೆ ನೀರು ಕೊನೆಗೆ ಬರುತ್ತಿತ್ತು. ಚಿಕ್ಕಂದಿನಲ್ಲಿ ನನಗೆ ಇದು ಭೂಮಿಯ ಇಳಿಜಾರು ಅನ್ನಿಸಿತ್ತು. ದೊಡ್ಡವಳಾದ ಮೇಲೆ ಗೊತ್ತಾಯಿತು, ಇಳಿಜಾರಿಗಿಂತ ಮೊದಲೇ ಯಾರು ಎಲ್ಲಿರಬೇಕು ಅನ್ನುವುದು ತೀರ್ಮಾನ ಆಗಿತ್ತು ಎಂದು. ಊರಿನ ನಕ್ಷೆಯಲ್ಲಿ ಈ ಅನ್ಯಾಯ ಈಗಲೂ ಹಾಗೇ ಕೂತಿದೆ.

ಇತ್ತೀಚೆಗೆ ಊರು ನಿಧಾನಕ್ಕೆ ಮಗ್ಗುಲು ಬದಲಿಸುತ್ತಿದೆ. ಹಳೇ ಮನೆಗಳ ಜಗಲಿಯಲ್ಲಿ ಕೂತರೆ ಏರಿ ಕಾಣುತ್ತದೆ. ಹೊಸದಾಗಿ ಕಟ್ಟಿದವರೆಲ್ಲ ಡಾಂಬರು ರಸ್ತೆಯ ಪಕ್ಕ ಕಟ್ಟಿದ್ದಾರೆ, ಬಾಗಿಲು ರಸ್ತೆಗೆ. ಕೆರೆ ಈಗ ಅವರ ಹಿತ್ತಲಿನ ಆಚೆ ಎಲ್ಲೋ ಇದೆ. ತಪ್ಪು ಅನ್ನಲಾರೆ. ನೀರು ಬರುವ ದಾರಿ ಮೊದಲು ಕಾಲುವೆ ಆಗಿತ್ತು, ಈಗ ಬೋರ್‌ವೆಲ್. ಬದುಕು ಬರುವ ದಾರಿ ಬಸ್ಸು.

ಕೋಡಿ ಬಿದ್ದ ರಾತ್ರಿ

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗಿನ ಮಾತು. ಮೂರು ದಿನದಿಂದ ಬೆಟ್ಟದ ಮೇಲೆ ಮಳೆ. ನಮ್ಮಲ್ಲಿ ಅಂಗಳ ನೆನೆಯುವಷ್ಟು ಮಾತ್ರ. ನಾಲ್ಕನೇ ದಿನ ಬೆಳಿಗ್ಗೆ ಹಳ್ಳ ಕೆಂಪಗೆ ಬಂತು. ಸಂಜೆ ಹೊತ್ತಿಗೆ ಕೆರೆಯ ನೀರು ತೂಬಿನ ಕಂಬದ ಮೇಲಿನ ಅಡ್ಡಗಲ್ಲು ಮುಟ್ಟಿತ್ತು. ಆ ಕಲ್ಲು ಮುಳುಗಿದರೆ ಕೋಡಿ ಬೀಳುತ್ತದೆ ಎಂದು ಊರಿಗೆಲ್ಲ ಗೊತ್ತು. ಆವತ್ತು ರಾತ್ರಿ ತಮಟೆ ಸದ್ದಾಯಿತು. "ಮನೆಗೊಬ್ಬಾಳು ಏರಿಗೆ ಬರಬೇಕು" ಎಂದು ಕೂಗು. ಅಪ್ಪ ಗುದ್ದಲಿ ತಗೊಂಡು ಹೊರಟರು. ನಾನು ಹಠ ಮಾಡಿ ಹಿಂದೆ ಹೋದೆ.

ಏರಿಯ ಮೇಲೆ ಲಾಟೀನು, ಟಾರ್ಚು, ಒಂದೆರಡು ಪಂಜು. ಇಡೀ ಊರೇ ಅಲ್ಲಿತ್ತು. ಮನೆಗೊಬ್ಬಾಳು ಅಂದಿದ್ದಕ್ಕೆ ಮನೆಗೆ ಇಬ್ಬರು ಮೂವರು ಬಂದಿದ್ದರು. ಏಡಿ ಕೊರೆದ ಬಿಲಗಳಿಂದ ಏರಿಯ ಹಿಂಭಾಗಕ್ಕೆ ನೀರು ಜಿನುಗುತ್ತದೆಯೇ ಎಂದು ಸಾಲಾಗಿ ನಿಂತು ನೋಡಬೇಕು. ಜಿನುಗಿದ ಕಡೆ ಹುಲ್ಲು, ಮಣ್ಣು ತುಂಬಿದ ಚೀಲ ಇಟ್ಟು ತುಳಿಯಬೇಕು. ಹೆಂಗಸರು ಮಂಕರಿಯಲ್ಲಿ ಮಣ್ಣು ಹೊತ್ತು ತರುತ್ತಿದ್ದರು. ಆವತ್ತು ಮೊದಲ ಸಲ ನಾನು ಮೇಲ್ಕೇರಿಯವರೂ ಕಾಲೋನಿಯವರೂ ಒಂದೇ ಮಂಕರಿಗೆ ಕೈ ಹಾಕಿದ್ದನ್ನು ನೋಡಿದೆ. ಬೆಳಗಾದ ಮೇಲೆ ಅದು ಉಳಿಯಲಿಲ್ಲ. ಆದರೆ ಆ ರಾತ್ರಿ ಹಾಗಿತ್ತು.

ನೀರಗಂಟಿ ಅಜ್ಜ ಆಗಲೇ ಮುದುಕ. ಅವರ ಕೆಲಸ ಸರ್ಕಾರದ ಲೆಕ್ಕದಲ್ಲಿ ಯಾವತ್ತೋ ಮುಗಿದಿತ್ತು. ಹಳ್ಳಿಯ ಹಳೇ ಹುದ್ದೆಗಳನ್ನೆಲ್ಲ ತೆಗೆದುಹಾಕಿದ ಕಾಯಿದೆ ಬಂದಿದ್ದು 1961ರಲ್ಲಿ. ಆದರೂ ತೂಬು ಎತ್ತಲು ಊರು ಅವರನ್ನೇ ಕರೆಯುತ್ತಿತ್ತು. ಸುಗ್ಗಿಯಲ್ಲಿ ಇಷ್ಟು ಬತ್ತ ಅಂತ ಕೊಡುತ್ತಿದ್ದರು. ಆ ರಾತ್ರಿ ಅಜ್ಜ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಕತ್ತಲಲ್ಲೇ ನೀರಿಗಿಳಿದರು. ಹಗ್ಗದ ಈ ತುದಿ ಅಪ್ಪನ ಕೈಯಲ್ಲಿ ಮತ್ತು ಇನ್ನಿಬ್ಬರ ಕೈಯಲ್ಲಿ. ತೂಬಿನ ಕಂಬದವರೆಗೆ ಈಜಿ, ಅದನ್ನು ತಬ್ಬಿ ನಿಂತು, ಬೆಣೆಯ ಗಳುವನ್ನು ಅಲ್ಲಾಡಿಸಿ ಅಲ್ಲಾಡಿಸಿ ಮೇಲೆತ್ತಿದರು. ಏರಿಯ ಕೆಳಗೆ ಕಾಲುವೆ ಬಾಯಿಂದ ನೀರು ಬುಸುಗುಟ್ಟಿ ಬಂದ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಸುಮಾರು ಹೊತ್ತಿನ ಮೇಲೆ ಕೋಡಿಯ ಮೇಲೆ ತೆಳ್ಳಗೆ ನೀರು ಹರಿಯಿತು. ಯಾರೋ "ಗಂಗಮ್ಮ ತಾಯಿ!" ಅಂದರು. ಎಲ್ಲರೂ ಅಲ್ಲಲ್ಲೇ ಕೈ ಮುಗಿದರು.

ಅಜ್ಜ ನಡುಗುತ್ತಾ ಬೆಂಕಿ ಮುಂದೆ ಕೂತಾಗ ನಮಗೆಲ್ಲ ಕಥೆ ಹೇಳಿದರು. ನಮ್ಮ ಸೀಮೆಯಲ್ಲಿ ಆ ಕಥೆ ಗೊತ್ತಿಲ್ಲದವರಿಲ್ಲ. ಒಬ್ಬ ನೀರಗಂಟಿಗೆ ಕೆರೆಯ ತಾಯಿ ಕಾಣಿಸಿಕೊಂಡು, ಇವತ್ತು ನಾನು ಏರಿ ಒಡೆದು ಹೋಗುತ್ತೇನೆ ಅಂದಳು. ಅವನು ಕಾಲು ಹಿಡಿದು, ದೊರೆಗೆ ಹೇಳಿ ಬರುತ್ತೇನೆ, ನಾನು ವಾಪಸು ಬರುವವರೆಗೆ ನಿಲ್ಲಮ್ಮ ಎಂದು ಮಾತು ತಗೊಂಡ. ಓಡಿ ಹೋಗಿ ದೊರೆಗೆ ಹೇಳಿದ. ದೊರೆ ಯೋಚನೆ ಮಾಡಿದ. ಇವನು ವಾಪಸು ಹೋಗದಿದ್ದರೆ ಅವಳು ನಿಂತೇ ಇರುತ್ತಾಳೆ. ಅಲ್ಲೇ ಅವನ ತಲೆ ತೆಗೆಸಿದ. ಕೆರೆ ಉಳಿಯಿತು. ಬೇರೆ ಬೇರೆ ಊರುಗಳವರು ಇದನ್ನು ತಮ್ಮ ತಮ್ಮ ಕೆರೆಗೆ ಹೇಳಿಕೊಳ್ಳುತ್ತಾರೆ. ಹೇಳುವವರು ದೊರೆಯ ಬುದ್ಧಿಯನ್ನು ಹೊಗಳುವುದನ್ನೂ ಕೇಳಿದ್ದೇನೆ. ನೀರಗಂಟಿ ಅಜ್ಜ ಹೊಗಳಲಿಲ್ಲ. "ಅವಳು ಇನ್ನೂ ಕಾಯ್ತಾ ಅವ್ಳೆ ಕಣವ್ವ, ಅವನು ಬತ್ತಾನೆ ಅಂತ" ಅಂದು ಸುಮ್ಮನಾದರು.

ಆ ರಾತ್ರಿ ಏರಿಯ ಮೇಲೆ ಪಟೇಲರು ಮನೆಮನೆಯ ಹೆಸರು ಕೂಗಿ ಲೆಕ್ಕ ಹಿಡಿದಿದ್ದರು. ಎಂಬತ್ತಮೂರು ಒಕ್ಕಲು. ಒಂದು ಮನೆಯೂ ತಪ್ಪಿರಲಿಲ್ಲ. ನಮ್ಮೂರಿನ ಜನಸಂಖ್ಯೆಯನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ.

2022ರಲ್ಲಿ ಮತ್ತೆ ಅಂಥ ಮಳೆಯಾಯಿತು. ವಾಣಿವಿಲಾಸ ಸಾಗರವೇ 1933ರ ನಂತರ ಮೊದಲ ಸಲ ತುಂಬಿ ಕೋಡಿ ಬಿತ್ತಲ್ಲ, ಅದೇ ವರ್ಷ. ನಮ್ಮ ಕೆರೆಯೂ ತುಂಬಿತು. ರಾತ್ರಿ ಏರಿ ಕಾಯಲು ಚಿಕ್ಕಪ್ಪನೂ ಅವರ ವಾರಿಗೆಯ ಏಳೆಂಟು ಜನರೂ ಹೋದರು. ಎಲ್ಲರೂ ಅರವತ್ತು ದಾಟಿದವರು. ಏರಿಯ ಒಂದು ಕಡೆ ಮಣ್ಣು ಸಡಿಲವಾಗಿದೆ ಅನ್ನಿಸಿ ಜೇಸಿಬಿ ಕರೆಸಿದರು. ಎರಡು ತಾಸಿನಲ್ಲಿ ಕೆಲಸ ಮುಗಿಯಿತು. ಮಾರನೇ ಭಾನುವಾರ ಬೆಂಗಳೂರಿಂದ ಕಾರುಗಳು ಬಂದವು. ಬಾಗಿನ ಬಿಟ್ಟು, ಫೋಟೋ ತೆಗೆದುಕೊಂಡು, ಹೋಳಿಗೆ ಉಂಡು, ಸಂಜೆಗೆ ಹೊರಟವು. ಬಂದವರ ಕಣ್ಣಲ್ಲಿ ನೀರಿತ್ತು. ಅದು ಸುಳ್ಳಲ್ಲ. ತಮ್ಮ ತನ್ನ ಮಗನನ್ನು ಕೋಡಿ ಕಲ್ಲಿನ ಮೇಲೆ ನಿಲ್ಲಿಸಿ ಕಾಲು ನೆನೆಸಿದ. ಹುಡುಗ ತಣ್ಣಗಿದೆ ಎಂದು ಕಿರುಚಿದ್ದು, ಆಮೇಲೆ ಕೆಳಗಿಳಿಯಲು ಒಪ್ಪದೇ ಇದ್ದದ್ದು, ಅಮ್ಮ ಅದನ್ನು ಇನ್ನೂ ಹೇಳುತ್ತಾಳೆ. ಆ ಹುಡುಗನ ಹೆಸರನ್ನು ಅವಳು ಸಮೀಕ್ಷೆಯಲ್ಲಿ ಬರೆಸಲು ಹೊರಟಿದ್ದಕ್ಕೆ ಆ ಒಂದು ಭಾನುವಾರವೇ ಸಾಕಿತ್ತೇನೋ.

ಬೇಚರಾಕ್

ಪಹಣಿ, ಕಂದಾಯ ಎಂದು ಓಡಾಡಿದವರಿಗೆ ಈ ಮಾತು ಗೊತ್ತಿರುತ್ತದೆ. ದಾಖಲೆಯಲ್ಲಿ ಹೆಸರಿದೆ, ಸರ್ವೆ ನಂಬರಿದೆ, ಗಡಿ ಇದೆ, ಆದರೆ ಒಬ್ಬರೂ ವಾಸ ಇಲ್ಲ. ಅಂಥ ಊರಿಗೆ ಬೇಚರಾಕ್ ಗ್ರಾಮ ಅನ್ನುತ್ತಾರೆ. ನಮ್ಮೂರ ಪಕ್ಕದಲ್ಲೇ ಒಂದಿದೆ. ಒಂದು ಹಾಳು ಬಾವಿ, ಒಂದು ಹನುಮಪ್ಪನ ಕಲ್ಲು, ಸುತ್ತ ಜಾಲಿ ಗಿಡ. ಪ್ಲೇಗಿನಲ್ಲಿ ಬಿಟ್ಟು ಹೋದರು ಎಂದು ಹಿರಿಯರು ಹೇಳುತ್ತಿದ್ದರು. ಬಹಳ ವರ್ಷ ನಾನು ಬೇಚರಾಕ್ ಅಂದರೆ ಯಾವುದೋ ಕಚೇರಿ ಮಾತು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ಪಾರಸಿಯಿಂದ ಬಂದದ್ದು. ಬೇ ಚಿರಾಗ್. ದೀಪ ಇಲ್ಲದ್ದು. ಯಾರೋ ಒಬ್ಬ ಹಳೇ ಕಾಲದ ಅಮಲ್ದಾರ ಊರಿನ ಜನರನ್ನು ಎಣಿಸುವ ಗೋಜಿಗೇ ಹೋಗದೆ, ಸಂಜೆ ಕುದುರೆ ಮೇಲೆ ದೂರದಲ್ಲಿ ನಿಂತು ದೀಪ ಕಾಣುತ್ತದೆಯೋ ಇಲ್ಲವೋ ಎಂದು ನೋಡಿದ ಹಾಗೆ ನನಗೆ ಚಿತ್ರ ಕಟ್ಟುತ್ತದೆ.

ಈ ಸಮೀಕ್ಷೆಯಲ್ಲೂ ಮನೆಗಳನ್ನು ಗುರುತು ಹಿಡಿದದ್ದು ಕರೆಂಟ್ ಮೀಟರ್ ಮೂಲಕವೇ. ಮೇಡಂ ಬರುವುದಕ್ಕೆ ಮುಂಚೆ ಮೀಟರ್ ಓದುವ ಹುಡುಗ ಬಂದು ಬಾಗಿಲ ಚೌಕಟ್ಟಿಗೆ ಒಂದು ಚೀಟಿ ಅಂಟಿಸಿ ಹೋಗಿದ್ದ. ಮೀಟರ್ ಇದ್ದಲ್ಲಿ ಮನೆ, ಮನೆ ಇದ್ದಲ್ಲಿ ಜನ. ಬೀಗ ಹಾಕಿದ ಮನೆಗಳಿಗೂ ಚೀಟಿ ಬಿದ್ದಿತ್ತು. ಅಮ್ಮ ಫೋನಲ್ಲಿ ಹೇಳಿದಳು, "ಎಲ್ಲಾ ಮನೆಗೂ ಅಂಟಿಸವ್ರೆ, ಹಬ್ಬಕ್ಕೆ ತೋರಣ ಕಟ್ಟಿದಂಗೆ ಕಾಣ್ತದೆ."

ಜನಗಣತಿಯ ಅಂಕಿ ನೋಡಿದವರಿಗೆ ನಮ್ಮ ಜಿಲ್ಲೆಯ ಕಥೆ ಗೊತ್ತು. 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ 11,40,905 ಜನ. 2011ರಲ್ಲಿ 11,37,961. ಹತ್ತು ವರ್ಷದಲ್ಲಿ 2,944 ಜನ ಕಮ್ಮಿ. ಆ ಹತ್ತು ವರ್ಷದಲ್ಲಿ ರಾಜ್ಯದಲ್ಲಿ ಜನ ಕಮ್ಮಿಯಾದದ್ದು ನಮ್ಮ ಜಿಲ್ಲೆಯೊಂದರಲ್ಲೇ. ಅದೇ ಹೊತ್ತಿನಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಹೋಯಿತು. ಕಮ್ಮಿಯಾದದ್ದು ಬರೀ ಮೂರು ಸಾವಿರವಲ್ಲ ಅನ್ನುವುದನ್ನು ಯೋಚಿಸಬೇಕು. ಹತ್ತು ವರ್ಷದಲ್ಲಿ ಹುಟ್ಟಿದ ಅಷ್ಟೂ ಮಕ್ಕಳನ್ನು ಸೇರಿಸಿಕೊಂಡೂ ಲೆಕ್ಕ ಕೆಳಗಿಳಿದಿದೆ. ಹೋದವರು ಎಷ್ಟಿರಬೇಕು! ನಮ್ಮ ಜಿಲ್ಲೆಯಲ್ಲೂ ಹಾಸನದಲ್ಲೂ ಸಾವಿರ ಗಂಡಸರಿಗೆ ಸಾವಿರಕ್ಕಿಂತ ಜಾಸ್ತಿ ಹೆಂಗಸರಿದ್ದಾರೆ. ಇದನ್ನು ಹೆಮ್ಮೆಯಿಂದ ಹೇಳುವವರಿದ್ದಾರೆ. ಹೆಣ್ಣುಮಕ್ಕಳು ಹುಟ್ಟಿ ಬೆಳೆಯುತ್ತಿದ್ದರೆ ನನಗೂ ಹೆಮ್ಮೆಯೇ. ಆದರೆ ನಮ್ಮೂರಿನ ಜಗಲಿಗಳ ಮೇಲೆ ಒಬ್ಬೊಬ್ಬರೇ ಕೂತ ಅಮ್ಮಂದಿರನ್ನು ನೋಡಿದಾಗ ಆ ಅಂಕಿ ಇನ್ನೊಂದು ಮಾತನ್ನೂ ಹೇಳುತ್ತದೆ.

ದೇಶದ ಜನಗಣತಿಯ ತಲೆ ಎಣಿಕೆ 2027ರ ಫೆಬ್ರವರಿಯಲ್ಲಿ ಎಂದು ಹೇಳಿದ್ದಾರೆ. ಫೆಬ್ರವರಿ ಅಂದರೆ ನಮ್ಮಲ್ಲಿ ರಾಗಿ ಒಕ್ಕಣೆ ಮುಗಿದು ಹೊಲ ಖಾಲಿ, ಕೆರೆಯಲ್ಲಿ ನೀರು ಇಳಿದು ಅಂಗಳ ಕಾಣುವ ಕಾಲ. ಜಾತ್ರೆ ಇನ್ನೂ ದೂರ. ಊರು ವರ್ಷದಲ್ಲಿ ಅತಿ ಚಿಕ್ಕದಾಗಿರುವುದು ಆಗಲೇ. ಯುಗಾದಿಯ ಜಾತ್ರೆಯ ದಿನ ಎಣಿಸಿದರೆ ಮೂರು ಪಟ್ಟು ಸಿಗುತ್ತಾರೆ. ಒಂದೇ ದಿನ ಎಣಿಸಲು ಒಂದು ನಿಯಮ ಬೇಕು, ಗೊತ್ತು. ನನ್ನ ಕಾಳಜಿ ಬೇರೆ. ಈ ಅಂಕಿ ಕಾಗದದ ಮೇಲೆ ಕೂರುವುದಿಲ್ಲ. ಮಕ್ಕಳು ಕಮ್ಮಿ ಎಂದು ಶಾಲೆ ಮುಚ್ಚುತ್ತಾರೆ. ಶಾಲೆ ಮುಚ್ಚಿತು ಎಂದು ಉಳಿದ ಎರಡು ಮನೆಯವರು ಪೇಟೆಗೆ ಹೋಗುತ್ತಾರೆ. ಜನ ಕಮ್ಮಿ ಎಂದು ಸಂಜೆ ಬಸ್ಸು ನಿಲ್ಲುತ್ತದೆ. ಬಸ್ಸು ಇಲ್ಲ ಎಂದು ಕಾಲೇಜಿಗೆ ಹೋಗುವ ಹುಡುಗಿ ಹಾಸ್ಟೆಲ್ ಸೇರುತ್ತಾಳೆ. ಕಮ್ಮಿ ಅನ್ನುವ ಲೆಕ್ಕವೇ ಕಮ್ಮಿ ಮಾಡುತ್ತಾ ಹೋಗುತ್ತದೆ. ನಮ್ಮೂರ ಶಾಲೆಗೆ ಬಾಗಿಲು ಹಾಕಿದ ದಿನ ಅಮ್ಮ ಊಟ ಮಾಡಿರಲಿಲ್ಲ. ನಾನೂ ತಮ್ಮನೂ ಅಲ್ಲೇ ಅಕ್ಷರ ತಿದ್ದಿದವರು.

ಚಿಕ್ಕಪ್ಪನ ಲೆಕ್ಕ

ಫೋನ್ ಬಂದ ಮುಂದಿನ ವಾರ ಊರಿಗೆ ಹೋದೆ. ಗುರುವಾರ ಇಳಿಹೊತ್ತಿಗೆ ಚಿಕ್ಕಪ್ಪನನ್ನು ಕರೆದುಕೊಂಡು ಹೊರಟೆ. "ಎಂಥ ಎಣಿಸೋದು, ಬಾ ಕಾಫಿ ಕುಡಿ" ಅಂದರೂ ಚಪ್ಪಲಿ ಮೆಟ್ಟಿಕೊಂಡರು. ಮೇಲ್ಕೇರಿಯಿಂದ ಶುರು ಮಾಡಿ ಕಾಲೋನಿಯವರೆಗೆ ಮನೆ ಮನೆ ಮುಂದೆ ನಿಂತು ಬರೆದುಕೊಂಡೆವು. ಚಿಕ್ಕಪ್ಪ ತಾವೇ ನಾಲ್ಕು ಬಗೆ ಮಾಡಿದರು. "ಅವ್ರೆ", "ಬಂದೋಯ್ತಾರೆ", "ಬೀಗ", "ಗೋಡೆ". ಗೋಡೆ ಅಂದರೆ ಸೂರು ಬಿದ್ದು ಗೋಡೆ ಮಾತ್ರ ನಿಂತದ್ದು.

ಎರಡನೇ ಬಗೆಯ ಹತ್ತಿರ ನಮಗೆ ಜಗಳವೇ ಆಯಿತು. ಒಬ್ಬ ಶನಿವಾರ ರಾತ್ರಿ ಬಂದು ಅಡಿಕೆ ತೋಟಕ್ಕೆ ನೀರು ಬಿಟ್ಟು ಸೋಮವಾರ ಬೆಳಗಿನ ಜಾವದ ರೈಲಿಗೆ ಕಡೂರಿಗೆ ಓಡುತ್ತಾನೆ. ತಿಂಗಳಿಗೆ ಎಂಟು ರಾತ್ರಿ ಇಲ್ಲಿ. ನಾನು "ಇಲ್ಲಿಯವನಲ್ಲ" ಅಂದೆ. ಚಿಕ್ಕಪ್ಪನಿಗೆ ಸಿಟ್ಟು ಬಂತು. "ಹೋದ ವರ್ಷ ನನಗೆ ಹುಷಾರಿಲ್ದೆ ಇದ್ದಾಗ ಬೆಂಗಳೂರಿಂದ ರಾತ್ರೋರಾತ್ರಿ ಬಂದವನು ಅವನೇ. ಪಕ್ಕದ ಮನೇಲೇ ಇರೋನು ಎದ್ದು ಬರಲಿಲ್ಲ. ಯಾರನ್ನ ಬರ್ಕೊಂತೀಯ, ಬರ್ಕೊ" ಅಂದರು. ನಾನು ಪೆನ್ನು ಹಿಡಿದು ಸುಮ್ಮನೆ ನಿಂತೆ. ಹೆಣ ಎತ್ತಲು ನಾಲ್ಕು ಹೆಗಲು ಸಿಗುತ್ತವೆಯೇ, ಹಬ್ಬದ ಪಟ್ಟಿ ಕೊಡುತ್ತಾರೆಯೇ, ಏರಿ ಒಡೆದರೆ ಬರುತ್ತಾರೆಯೇ. ಚಿಕ್ಕಪ್ಪನ ತಲೆಮಾರು ಊರನ್ನು ಎಣಿಸುವುದು ಹೀಗೆ. ಎಷ್ಟು ಜನ ಮಲಗಿದ್ದಾರೆ ಎಂದಲ್ಲ, ಕೂಗಿದರೆ ಎಷ್ಟು ಜನ ಏಳುತ್ತಾರೆ ಎಂದು.

ಇನ್ನೊಂದು ಬಗೆಯ ಜನರನ್ನು ಚಿಕ್ಕಪ್ಪ ಎಣಿಸಲೇ ಇಲ್ಲ, ನಾನು ಕೇಳುವವರೆಗೆ. ಕೆರೆಯ ಮೀನು ಗುತ್ತಿಗೆ ಹಿಡಿದವರ ಕಡೆಯ ಎರಡು ಸಂಸಾರ ಏರಿಯ ಆಚೆ ತುದಿಯಲ್ಲಿ ನೀಲಿ ಟಾರ್ಪಾಲಿನ ಗುಡಿಸಲಲ್ಲಿದ್ದಾರೆ. ಒಂದು ಕೂಸು ತೊಟ್ಟಿಲಲ್ಲಿ. ಕಾಟ್ಲಾ, ರೋಹು ಮರಿ ಬಿಟ್ಟು, ಕಾದು, ಬಲೆ ಹಾಕಿ ಹೋಗುವವರೆಗೆ ಇಲ್ಲೇ. ಸುಗ್ಗಿ ಆದಮೇಲೆ ಹಿರಿಯೂರಿನ ಕಡೆಯಿಂದ ಕುರಿ ಮಂದೆಯವರು ಬರುತ್ತಾರೆ. ಹೊಲದಲ್ಲಿ ಮಂದೆ ನಿಲ್ಲಿಸಿ ಗೊಬ್ಬರಕ್ಕೆ ದುಡ್ಡೋ ರಾಗಿಯೋ ತಗೊಂಡು ಮುಂದಕ್ಕೆ ಹೋಗುತ್ತಾರೆ. ಬೆಟ್ಟದ ಆಚೆ ಕಾಫಿ ತೋಟಗಳಲ್ಲಿ ಈಗ ಅಸ್ಸಾಂನಿಂದ ಬಂದವರು ಕೆಲಸ ಮಾಡುತ್ತಾರೆ. ನಮ್ಮೂರಿನ ಹುಡುಗ ಬೆಂಗಳೂರಿಗೆ, ಅಸ್ಸಾಮಿನ ಹುಡುಗ ನಮ್ಮ ಜಿಲ್ಲೆಗೆ. ಮೀನಿನವರ ಗುಡಿಸಲಿಗೆ ಮೀಟರ್ ಇಲ್ಲ. ಚೀಟಿಯೂ ಅಂಟಿರಲಿಲ್ಲ. ಕೂಸಿನ ತಾಯಿ ನನ್ನನ್ನು ನೋಡಿ "ಬರ್ಕೊಳಕ್ಕೆ ಬಂದ್ರಾ ಅಕ್ಕ?" ಎಂದು ಕೇಳಿದಳು. ಅಲ್ಲಮ್ಮ, ಸುಮ್ನೆ ಬಂದೆ ಅಂದೆ. ಅವಳ ಮುಖ ಸ್ವಲ್ಪ ಇಳಿಯಿತು. ಆವತ್ತು ಆ ಹೆಣ್ಣುಮಗಳು ಬೆಳಗಿಂದ ಕೆರೆಯಲ್ಲೇ ಇದ್ದಳು. ಊರಲ್ಲಿ ಬಾಕಿ ಯಾರೂ ಕೆರೆಯ ಕಡೆ ಮುಖ ಹಾಕಿರಲಿಲ್ಲ. ನನ್ನ ಹಾಳೆಯಲ್ಲಿ ಅವಳನ್ನು ಬರೆದುಕೊಂಡೆ.

ಕತ್ತಲಾಗುವ ಹೊತ್ತಿಗೆ ಚಿಕ್ಕಪ್ಪನ ಲೆಕ್ಕ ಮುಗಿಯಿತು. ಎಂಬತ್ತಮೂರರಲ್ಲಿ ಅವ್ರೆ, 41. ಬಂದೋಯ್ತಾರೆ, 12. ಬೀಗ, 22. ಗೋಡೆ, 8. ನೀರಗಂಟಿ ಅಜ್ಜನ ಮನೆ ಗೋಡೆಯ ಲೆಕ್ಕಕ್ಕೆ ಬಂತು. ಅದರ ಮುಂದೆ ನಿಂತಾಗ ಚಿಕ್ಕಪ್ಪ ಏನೂ ಹೇಳಲಿಲ್ಲ. ಗೋಡೆಯ ಸಂದಿಯಲ್ಲಿ ಒಂದು ಬೇವಿನ ಗಿಡ ಆಳೆತ್ತರಕ್ಕೆ ಬಂದಿತ್ತು.

ಮಾರನೇ ದಿನ ಶುಕ್ರವಾರ. ಅಮ್ಮ ಸಂಜೆ ಬೀಗದ ಕೈಗೊಂಚಲು ತಗೊಂಡು ಹೊರಟಳು. ಕೇರಿಯ ಮೂರು ಬೀಗದ ಮನೆಗಳ ಕೈ ಅವಳ ಹತ್ತಿರ ಇದೆ. ಮನೆಯವರು ಬೆಂಗಳೂರಿಗೋ ತುಮಕೂರಿಗೋ ಹೋಗುವಾಗ ಕೊಟ್ಟು ಹೋದದ್ದು. ನನಗೆ ಅದು ಗೊತ್ತಿತ್ತು. ಅವಳು ವಾರ ವಾರ ತೆಗೆದು ಗುಡಿಸುತ್ತಾಳೆ ಅನ್ನುವುದು ಗೊತ್ತಿರಲಿಲ್ಲ. ಪೊರಕೆ ನನ್ನ ಕೈಗೆ ಕೊಟ್ಟಳು. ಮೊದಲ ಮನೆಯ ನಡುಮನೆಯಲ್ಲಿ ಬಾವಲಿ ವಾಸನೆ. ಎರಡನೆಯದರಲ್ಲಿ ಗೋಡೆಯ ಮೇಲೆ ಮಗುವಿನ ಎತ್ತರದ ಗೆರೆಗಳು, ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ತಾರೀಖು. ಮೂರನೆಯದರ ಬೀಗ ತುಕ್ಕು ಹಿಡಿದಿತ್ತು. ಅಮ್ಮ ಸೆರಗಿನ ಗಂಟಿನಿಂದ ಕೊಬ್ಬರಿ ಎಣ್ಣೆಯ ಪುಟ್ಟ ಸೀಸೆ ತೆಗೆದು ಎರಡು ತೊಟ್ಟು ಬಿಟ್ಟಳು. ಗುಡಿಸಿದ ಮೇಲೆ ಪ್ರತಿ ಮನೆಯ ಜಗಲಿ ಬಲ್ಬು ಹಾಕಿ, ಹಾಗೇ ಉರಿಯಲು ಬಿಟ್ಟು ಬಂದಳು. "ಆರಿಸಲ್ವಾ?" ಎಂದು ಕೇಳಿದೆ. "ಬೆಳಿಗ್ಗೆ ಆರಿಸ್ತೀನಿ. ಒಂದು ರಾತ್ರಿ ಉರೀಲಿ."

ಆಮೇಲೆ ಇಬ್ಬರೂ ಏರಿಗೆ ಹೋಗಿ ಕೋಡಮ್ಮನಿಗೆ ದೀಪ ಹಚ್ಚಿದೆವು. ಕೆರೆಯಲ್ಲಿ ಮುಕ್ಕಾಲು ನೀರಿತ್ತು. ಮೀನಿನವರ ಗುಡಿಸಲ ಮುಂದೆ ಒಲೆ ಉರಿಯುತ್ತಿತ್ತು. ಏರಿಯ ಮೇಲಿಂದ ನೋಡಿದರೆ ಊರು ಪೂರ್ತಿ ಕಾಣುತ್ತದೆ, ಮೇಲ್ಕೇರಿಯಿಂದ ಕಾಲೋನಿಯ ಕೊನೇ ಮನೆಯವರೆಗೆ. ಅಮ್ಮ ಬೆರಳು ಚಾಚಿ ಮೆಲ್ಲಗೆ ದೀಪ ಎಣಿಸತೊಡಗಿದಳು. ಅವಳಿಗೆ ಇದು ದಿನದ ಅಭ್ಯಾಸ ಅನ್ನುವುದು ಎಣಿಸುವ ರೀತಿಯಲ್ಲೇ ತಿಳಿಯುತ್ತಿತ್ತು.

"ನಲವತ್ನಾಲ್ಕು" ಅಂದಳು.

"ಚಿಕ್ಕಪ್ಪ ನಲವತ್ತೊಂದು ಅಂದ್ರು ಕಣಮ್ಮ."

"ಅವನು ಎಣಿಸಿದ್ದು ಹಗಲಲ್ಲಿ."